ನೋಡಿದ ಸ್ಥಳಗಳು

ಅಕೌಂಟ್ಸಿನ ಧರಣೇಂದ್ರಯ್ಯ ಕೊಟ್ಟ ಹಳದಿ ಹಾಳೆಯಲ್ಲಿ
ಖರ್ಚಿಗೊಂದು ಕಾಲಂ, ನೋಡಿದ ಸ್ಥಳಗಳಿಗೊಂದು.
ಖರ್ಚು ಬರೆದಾಯಿತು:
ಆಟೋ ನೂರಾ ಹತ್ತು, ಮಜ್ಜಿಗೆ ನಲವತ್ತು,
ಕೊಡೆ ರಿಪೇರಿ ಮೂವತ್ತು.
ಇನ್ನೊಂದರ ಮುಂದೆ ಪೆನ್ನು ಹಿಡಿದು ಕೂತಿದ್ದೇನೆ.

ಮಗ ಕಾಫಿ ಕೊಳ್ಳಲು ಬಂದವನು, ಬುಸಾನಿನವನು.
ನಮ್ಮ ಕ್ಯೂರಿಂಗ್ ವರ್ಕ್ಸಿನ ದುಂಡು ಮೇಜಿನ ಸುತ್ತ
ಚಮಚೆಯಿಂದ ಸೊರ್ರೆಂದು ಹೀರಿ, ಉಗುಳಿ,
ಅಂಕ ಬರೆಯುವವನು.
ಜೊತೆಗೆ ಬಂದ ತಾಯಿಗೆ ಎಪ್ಪತ್ತಮೂರು.
‘ಸುಗುಣಾ, ಇವರಿಗೆ ಊರು ತೋರಿಸಿಕೊಂಡು ಬಾ,
ಐದರೊಳಗೆ’ ಎಂದರು ಮ್ಯಾನೇಜರು.
ಹದಿನೆಂಟು ವರ್ಷ ಕರಿಕಾಳು ಆರಿಸಿದವಳು ನಾನು.
ಚಿಕ್ಕಮಗಳೂರನ್ನು ಯಾರಿಗೂ ತೋರಿಸಿದವಳಲ್ಲ.

ಹೆಸರು ಓಕ್‌ಸುನ್.
ನನ್ನ ಬಾಯಲ್ಲಿ ಅದು ಗೇಟು ದಾಟುವುದರೊಳಗೆ ಓಕ್ಸುನಮ್ಮ.

ಬೆಟ್ಟಕ್ಕೆ ಹೋಗೋಣವೇ ಎಂದು ಮೇಲೆ ಕೈ ತೋರಿಸಿದೆ.
ಅವರು ತಮ್ಮ ಮಂಡಿ ತೋರಿಸಿದರು.
ನಾನೂ ನನ್ನದನ್ನು ತೋರಿಸಿದೆ.
ಬೆಟ್ಟದ ಮಾತು ಅಲ್ಲಿಗೆ ಮುಗಿಯಿತು.

ಹನುಮಂತಪ್ಪ ಸರ್ಕಲ್ಲಿನ ಹತ್ತಿರ
ಅವರ ಬಿಸಿಲುಕೊಡೆಯ ಒಂದು ಕಡ್ಡಿ ಲಟಕ್ಕೆಂದಿತು.
ಫುಟ್‌ಪಾತಿನ ಇಸ್ಮಾಯಿಲ್ ಸಾಬರು
ತಂತಿ ಸುತ್ತಿ, ಹಲ್ಲಿನಲ್ಲಿ ದಾರ ಕಚ್ಚಿ, ಹೊಲಿದು
ಬಿಚ್ಚಿ ಮುಚ್ಚಿ ತೋರಿಸುವ ತನಕ
ಓಕ್ಸುನಮ್ಮ ಸ್ಟೂಲಿನ ಮೇಲೆ ಅಲ್ಲಾಡದೆ ಕೂತು ನೋಡಿದರು.
ಹಳೇಬೀಡಿನ ಕಲ್ಲನ್ನೂ ಜನ ಅಷ್ಟು ಹೊತ್ತು ನೋಡುವುದಿಲ್ಲ.

ಅವರ ಫೋನಿಗೆ ಕನ್ನಡ ಬರುತ್ತದೆ, ಬಂದಷ್ಟು.
ಕೊರಿಯನ್ನಿನಲ್ಲಿ ಉದ್ದಕ್ಕೆ ಏನೋ ಹೇಳಿದರು; ಅದು
‘ನಿಮ್ಮ ಸಮುದ್ರವನ್ನು ಎಲ್ಲಿ ಇಟ್ಟಿದ್ದೀರಿ?’ ಎಂದಿತು.
‘ಘಟ್ಟದ ಕೆಳಗೆ’ ಎಂದೆ.
ಅದು ಏನು ತಿರುಗಿಸಿತೋ,
ಓಕ್ಸುನಮ್ಮ ಬಗ್ಗಿ ಬೆಂಚಿನ ಅಡಿ ನೋಡಿದರು.
ಆಮೇಲೆ ನಕ್ಕಿದ್ದು ನೋಡಿ,
ಮಜ್ಜಿಗೆಯವನು ಇನ್ನೆರಡು ಲೋಟ ತಂದಿಟ್ಟ.

ಮಾರ್ಕೆಟ್ಟಿನಲ್ಲಿ ನಾನು ಹೂವಿನ ಸಾಲಿಗೆ ತಿರುಗಿದೆ.
ಅವರ ಮೂಗು ಬೇರೆ ಕಡೆ ತಿರುಗಿತ್ತು.
ಜುಲೇಕಾಬಿಯ ಒಣಮೀನಿನ ತಟ್ಟಿನ ಮುಂದೆ
ಮಂಡಿ ನೋವೆಂದ ಹೆಂಗಸು ಕುಕ್ಕರಗಾಲಲ್ಲಿ ಕೂತುಬಿಟ್ಟರು.
ಒಂದು ನೆತ್ತೋಲಿ ಎತ್ತಿ, ತಲೆ ಚಿವುಟಿ,
ಹೆಬ್ಬೆರಳಲ್ಲಿ ಹೊಟ್ಟೆ ಸೀಳಿ ಕಪ್ಪು ತೆಗೆದು
ಪಕ್ಕಕ್ಕಿಟ್ಟರು. ಮತ್ತೊಂದು. ಮತ್ತೊಂದು.
ಕಣ್ಣು ರಸ್ತೆಯ ಮೇಲೆ, ಹಸುವಿನ ಮೇಲೆ,
ಬಲೂನಿನವನ ಮೇಲೆ,
ಕೈ ಮಾತ್ರ ಕೆಟ್ಟದ್ದನ್ನು ತಪ್ಪದೆ ಹುಡುಕುತ್ತಿತ್ತು.

ಆ ಕೈ ನನಗೆ ಗೊತ್ತು.
ನಮ್ಮ ಬೆಲ್ಟಿನ ಎರಡೂ ಬದಿಯಲ್ಲಿ
ಅಂಥವು ನಲವತ್ತು ಜೊತೆ ಇವೆ.

ಫೋನು ಹೇಳಿತು: ‘ಮೂವತ್ತಾರು ವರ್ಷ. ಮೀನು. ಬೆಳಗಿನ ಜಾವ.’
ಈ ಸಲ ಅದು ತಪ್ಪಿರಲಿಕ್ಕಿಲ್ಲ.
ಜುಲೇಕಾಬಿ ತಕ್ಕಡಿಗೆ ಒಂದು ಹಿಡಿ ಜಾಸ್ತಿ ಹಾಕಿದಳು,
ಯಾರಿಗೂ ಹಾಕದವಳು.

ಆಜಾದ್ ಪಾರ್ಕಿನಲ್ಲಿ ಕಾಲು ಚಾಚಿದೆವು.
ಹಿಂದಿನಿಂದ ಯಾವುದೋ ಮಗು ‘ಅಪ್ಪಾ’ ಎಂದು ಕೂಗಿತು.
ನಾನು ತಿರುಗುವ ಮೊದಲೇ ಓಕ್ಸುನಮ್ಮ ಎದ್ದು ನಿಂತಿದ್ದರು.
ಐಸ್‌ಕ್ಯಾಂಡಿ ಹಿಡಿದು ಬಂದ ಅಪ್ಪನ ಕಾಲಿಗೆ
ಮಗು ಸುತ್ತಿಕೊಂಡ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು.
ಕೂತು, ನನ್ನ ಕಡೆ ನೋಡಿ, ‘ಅಪ್ಪ’ ಎಂದರು.
‘ಅಪ್ಪ’ ಎಂದೆ.
ಫೋನು ಚೀಲದಲ್ಲೇ ಇತ್ತು.
ನನ್ನಪ್ಪ ಇದೇ ವರ್ಕ್ಸಿನಲ್ಲಿ ಮೂಟೆ ಹೊತ್ತವನು.
ಅವರಪ್ಪ ಏನು ಹೊರುತ್ತಿದ್ದನೋ,
ಕೇಳಲಿಲ್ಲ.

ಕಪ್ಪಿಂಗ್ ಕೋಣೆಗೆ ಮುಡಿದ ಮಲ್ಲಿಗೆಯೂ ಒಳಬರುವಂತಿಲ್ಲ,
ರುಚಿ ಕೆಡುತ್ತದೆಂದು ಬೋರ್ಡಿದೆ.
ಐದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತಳ್ಳಿದೆವು.
ಮ್ಯಾನೇಜರು ಮೂಗಿಗೆ ಕರ್ಚೀಫು ಒತ್ತಿಕೊಂಡರು.
ಮಗ ಬಾಯಿಯ ಹತ್ತಿರ ಚಮಚೆ ತಂದವನು ತಡೆದ,
ಮೂಗರಳಿಸಿದ, ತಾಯಿಯ ಬೆರಳು ನೋಡಿದ,
ಆಮೇಲೆ ನನ್ನ ಬೆರಳೂ.
ಚಮಚೆ ಕೆಳಗಿಟ್ಟ.
ಆ ಕಪ್ಪಿಗೆ ಅವನು ಅಂಕವನ್ನೇ ಹಾಕಲಿಲ್ಲ.

ಈಗ ಧರಣೇಂದ್ರಯ್ಯ ಕಿಟಕಿ ಮುಚ್ಚುವ ಹೊತ್ತು.
ಬರೆದೆ: ರತ್ನಗಿರಿ ಬೋರೆ, ಬಸವನಹಳ್ಳಿ ಕೆರೆ.
ಇಲ್ಲದಿದ್ದರೆ ಪಾಸಾಗುವುದಿಲ್ಲ.
ಹಾಳೆಯನ್ನು ಒಮ್ಮೆ ಮೂಸಿ ನೋಡಿ
ಅವರು ಸೀಲು ಒತ್ತಿದರು.